ಎಲುಬು ಉಳಿಯದ ನೆಲ

ತನ್ನ ಹಿಂದಿನವರು ಯಾರೆಂದು ಕೇಳಿಕೊಳ್ಳುವ ಪ್ರಾಣಿ, ನಾವು ಬಲ್ಲಮಟ್ಟಿಗೆ, ಮನುಷ್ಯನೊಬ್ಬನೇ. ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಯವರೆಗೆ ಹೆಸರು ಹೇಳಿದ ಮೇಲೆ ನಮ್ಮಲ್ಲಿ ಬಹುಮಂದಿಯ ನೆನಪು ಬತ್ತುತ್ತದೆ. ಕುತೂಹಲ ಮಾತ್ರ ಬತ್ತುವುದಿಲ್ಲ. ಹೆಸರು ಮರೆತ ಕಡೆ ಗೋತ್ರವನ್ನು ಹೇಳುತ್ತೇವೆ. ಗೋತ್ರವೂ ಮುಗಿದ ಕಡೆ ದೇವರನ್ನು ತಂದು ನಿಲ್ಲಿಸುತ್ತೇವೆ. ಶಿಕಾರಿಪುರ, ಸೊರಬ ಸೀಮೆಗಳ ಶಾಸನಗಳನ್ನು ಓದಿದವರಿಗೆ ಇದು ಹೊಸ ಸಂಗತಿಯಲ್ಲ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ಒಂದು ಕಲ್ಲಿನ ಕಂಬವಿದೆ. ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ ಕಾವ್ಯವನ್ನು ಅದರ ಮೇಲೆ ಕೊರೆದಿದೆ. ಮಾನವ್ಯ ಗೋತ್ರದ, ಹಾರಿತೀಪುತ್ರರಾದ ಒಂದು ಬ್ರಾಹ್ಮಣ ಕುಲ. ಅವರ ಮನೆಯ ಬಳಿ ಒಂದು ಕದಂಬವೃಕ್ಷ. ಅದರಿಂದ ಕುಲಕ್ಕೆ ಬಂದ ಹೆಸರು. ಆ ಕುಲದ ಮಯೂರಶರ್ಮ ಕಂಚಿಗೆ ಓದಲು ಹೋಗಿ, ಪಲ್ಲವರೊಡನೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದದ್ದು. ಇಷ್ಟನ್ನು ಕುಬ್ಜ ಸೊಗಸಾಗಿ ಹೇಳುತ್ತಾನೆ. ಆದರೆ ಶತಮಾನಗಳು ಕಳೆದು, ಹಾನಗಲ್ಲು, ಗೋವೆಗಳಲ್ಲಿ ಆಳಿದ ಕದಂಬರ ಕಾಲಕ್ಕೆ ಬಂದರೆ ಮೂಲಪುರುಷನೇ ಬದಲಾಗಿರುತ್ತಾನೆ. ಶಿವನ ಬೆವರ ಹನಿ ಕದಂಬವೃಕ್ಷದ ಅಡಿಯಲ್ಲಿ ಬೀಳಲು, ಅದರಿಂದ ಮುಕ್ಕಣ್ಣನಾದ ತ್ರಿಲೋಚನ ಕದಂಬ ಹುಟ್ಟಿದನೆಂಬ ಕಥೆ ಆಗ ತಲೆಯೆತ್ತುತ್ತದೆ. ವಂಶ ಹಳೆಯದಾದಷ್ಟೂ ಅದರ ಬುಡ ದೊಡ್ಡದಾಗುವುದು ಮನುಷ್ಯಸ್ವಭಾವವೆಂದು ತೋರುತ್ತದೆ.

ಈ ಶಾಸನವನ್ನು ಪಾಠ ಹೇಳುವಾಗ ನನ್ನ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳಿರುವ ಒಂದು ಪ್ರಶ್ನೆಯುಂಟು. ಕದಂಬರಿಗಿಂತ ಮೊದಲು, ಶಾತವಾಹನರಿಗಿಂತ ಮೊದಲು, ಅಕ್ಷರಕ್ಕಿಂತ ಮೊದಲು, ಈ ಕಾಡುಗಳಲ್ಲಿ ಯಾರಿದ್ದರು? ಹಿಮಾಲಯದ ತಪ್ಪಲಿನಲ್ಲಿ ಲಕ್ಷಾಂತರ ವರ್ಷಗಳ ಹಿಂದಿನ ಆನೆ, ಆಮೆ, ವಾನರಗಳ ಎಲುಬು ಸಿಕ್ಕುವುದಾದರೆ ನಮ್ಮ ಸಹ್ಯಾದ್ರಿಯ ಮಡಿಲಲ್ಲಿ ಒಂದು ಹಲ್ಲಾದರೂ ಏಕೆ ಸಿಕ್ಕುವುದಿಲ್ಲ? ಕನ್ನಡ ಹೇಳುವ ಮೇಷ್ಟರಿಗೆ ಇದು ಹೊರಗಿನ ವಿಷಯವೆಂದು ಜಾರಿಕೊಳ್ಳಬಹುದು. ಆದರೆ ಪ್ರಶ್ನೆ ನ್ಯಾಯವಾದದ್ದು. ಭೂವಿಜ್ಞಾನಿಗಳು ಕೊಡುವ ಉತ್ತರವೂ ಸೋಜಿಗವಾದದ್ದು.

ಮೊದಲನೆಯದಾಗಿ, ನಮ್ಮ ನೆಲ ಅತಿ ಮುದಿಯಾದದ್ದು. ಶಿವಮೊಗ್ಗ ಜಿಲ್ಲೆಯ ಬಹುಭಾಗ ಧಾರವಾಡ ಶಿಲಾವರ್ಗದ ಪದರಗಲ್ಲುಗಳ ಮೇಲೂ ಅವಕ್ಕಿಂತ ಹಳೆಯ ನೈಸ್ ಶಿಲೆಗಳ ಮೇಲೂ ಕುಳಿತಿದೆ. ಇವುಗಳ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳನ್ನು ಮೀರಿದ್ದು. ಬೆನ್ನುಮೂಳೆಯುಳ್ಳ ಪ್ರಾಣಿ ಲೋಕದಲ್ಲಿ ಕಾಣಿಸಿಕೊಂಡು ಐವತ್ತು ಕೋಟಿ ವರ್ಷಗಳಾದರೆ ಹೆಚ್ಚು. ಮನೆ ಕಟ್ಟಿ ಮುಗಿದು ಬಹುಕಾಲವಾದ ಮೇಲೆ ಹುಟ್ಟಿದವನ ಹೆಸರನ್ನು ಅದರ ಅಡಿಗಲ್ಲಿನಲ್ಲಿ ಹುಡುಕಲಾದೀತೆ? ಈ ಕಲ್ಲುಗಳು ಹೆಪ್ಪುಗಟ್ಟಿದಾಗ ಎಲುಬೆಂಬುದೇ ಇರಲಿಲ್ಲ. ಹಾಗೆಂದು ಇವು ಜೀವದ ಗುರುತೇ ಇಲ್ಲದ ಕಲ್ಲುಗಳೂ ಅಲ್ಲ. ಮ್ಯಾಂಗನೀಸ್ ಅದಿರಿಗೆ ಹೆಸರಾಗಿದ್ದ ಕುಂಸಿಯ ಬಳಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರಪದರದ ರಚನೆಗಳಿವೆ. ತಿಳಿಗಡಲಿನ ಅಡಿಯಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹಾಸುಹಾಸಾಗಿ ಬೆಳೆದು, ಕೆಸರನ್ನು ಹಿಡಿದಿಟ್ಟು, ಕಟ್ಟಿದ ಕಟ್ಟಡಗಳಿವು. ಶಿಕಾರಿಪುರದ ನೆರೆಯಲ್ಲೇ ಜೀವದ ಅತ್ಯಂತ ಹಳೆಯ ಸಹಿಗಳಲ್ಲೊಂದಿದೆ. ಎಲುಬು ಮಾತ್ರ ಇಲ್ಲ.

ಎರಡನೆಯದು, ಮಣ್ಣು. ಹಳೆಯ ಬಂಡೆಯ ಮೇಲೆ ಹೊಸ ಮಣ್ಣು ಕೂಡಿದೆಯಷ್ಟೆ. ಅದರಲ್ಲಿ ನಿನ್ನೆ ಮೊನ್ನೆಯ, ಎಂದರೆ ಲಕ್ಷ ಎರಡು ಲಕ್ಷ ವರ್ಷಗಳ ಹಿಂದಿನ, ಪ್ರಾಣಿಗಳಾದರೂ ಇರಬೇಡವೆ? ಇದ್ದವು, ಸತ್ತವು, ಕರಗಿದವು. ಮಲೆನಾಡಿನ ಮಳೆ ವರ್ಷವರ್ಷವೂ ನೆಲದ ಸುಣ್ಣವನ್ನು ತೊಳೆದು ಹೊಳೆಗೆ ಹಾಕುತ್ತದೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂಗಳ ಕೆಂಪು. ಅದೇ ನಾವು ಮನೆ ಕಟ್ಟುವ ಜಂಬಿಟ್ಟಿಗೆ. ಇಂಥ ಹುಳಿಮಣ್ಣಿನಲ್ಲಿ ಹೂತ ಎಲುಬಿನ ಸುಣ್ಣವೂ ಮೆಲ್ಲನೆ ಕರಗಿಹೋಗುತ್ತದೆ. ಹುಲಿ ತಿಂದು ಬಿಟ್ಟ ಜಿಂಕೆಯ ಎಲುಬು ನಮ್ಮ ಕಾಡಿನಲ್ಲಿ ಎಷ್ಟು ಮಳೆಗಾಲ ನಿಂತೀತು? ಕಲ್ಲಾಗಬೇಕಾದರೆ ಎಲುಬು ಬೇಗ ಹೂತುಹೋಗಬೇಕು, ಗಾಳಿ ಸೋಕದಿರಬೇಕು, ಸುತ್ತಣ ನೀರು ಅದನ್ನು ಕದಿಯುವ ಬದಲು ಅದಕ್ಕೆ ಖನಿಜವನ್ನು ತುಂಬಬೇಕು. ಈ ಮೂರೂ ಕೂಡುವುದು ಮಲೆನಾಡಿನಲ್ಲಿ ದುರ್ಲಭ.

ಶಿವಾಲಿಕ ಬೆಟ್ಟಗಳಲ್ಲಿ ಅವು ಕೂಡಿದ್ದವು. ಹಿಮಾಲಯ ಏಳುತ್ತಿದ್ದಂತೆ ಅದರ ನದಿಗಳು ಮರಳು ಮೆಕ್ಕಲುಗಳನ್ನು ತಪ್ಪಲಿಗೆ ಸುರಿದವು. ಕೋಟಿಗಟ್ಟಲೆ ವರ್ಷ ಹೀಗೆ ನಡೆದು ಹಲವು ಸಹಸ್ರ ಅಡಿ ದಪ್ಪದ ರಾಶಿ ಬೆಳೆಯಿತು. ನೆರೆಯಲ್ಲಿ ಕೊಚ್ಚಿಬಂದ ಪ್ರಾಣಿಗಳು ಪದರದ ಮೇಲೆ ಪದರವಾಗಿ ಹೂತವು. ಕಡೆಗೆ ಆ ರಾಶಿಯೇ ಮಡಿಚಿಕೊಂಡು ಬೆಟ್ಟವಾಗಿ ಎದ್ದಿತು. ೧೮೩೦ರ ದಶಕದಲ್ಲಿ ಸಹಾರಣಪುರದ ಸಸ್ಯೋದ್ಯಾನದ ಅಧಿಕಾರಿ ಹ್ಯೂ ಫಾಲ್ಕನರ್, ಕಾಲುವೆಯ ಎಂಜಿನಿಯರ್ ಪ್ರಾಬಿ ಕಾಟ್ಲಿ ಇಬ್ಬರೂ ಆ ಗುಡ್ಡಗಳನ್ನು ತಡಕಿ ರಾಶಿರಾಶಿ ಎಲುಬುಗಳನ್ನು ತೆಗೆದರು. ಜಿರಾಫೆಯ ಕುಲಕ್ಕೆ ಸೇರಿದ, ಕೊಂಬುಗಳುಳ್ಳ ಒಂದು ದೈತ್ಯಪ್ರಾಣಿಗೆ ಅವರು ಶಿವಥೀರಿಯಂ ಎಂದು ಹೆಸರಿಟ್ಟರು. ದೈತ್ಯಾಕಾರದ ಆಮೆಯ ಚಿಪ್ಪನ್ನು ಕಂಡ ಫಾಲ್ಕನರನಿಗೆ ನಮ್ಮ ಕೂರ್ಮಾವತಾರ ನೆನಪಾಯಿತು. ೧೮೩೭ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘ ಇಬ್ಬರಿಗೂ ವುಲಸ್ಟನ್ ಪದಕವನ್ನಿತ್ತು ಗೌರವಿಸಿತು.

ಆ ಬೆಟ್ಟಗಳಲ್ಲಿ ವಾನರಗಳೂ ಇದ್ದವು. ೧೯೩೨ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಿ. ಇ. ಲೂಯಿಸ್ ಎಂಬ ತರುಣನಿಗೆ ಇಂದಿನ ಹಿಮಾಚಲದ ಹರಿತಲ್ಯಾಂಗರಿನ ಬಳಿ ಮೇಲುದವಡೆಯ ಒಂದು ತುಣುಕು ಸಿಕ್ಕಿತು. ೧೯೩೪ರಲ್ಲಿ ಅದಕ್ಕೆ ಅವನು ರಾಮಪಿಥೆಕಸ್, ಎಂದರೆ ರಾಮನ ವಾನರ, ಎಂದು ಹೆಸರಿಟ್ಟ. ೧೯೬೧ರಿಂದ ಎಲ್ವಿನ್ ಸೈಮನ್ಸ್, ಮುಂದೆ ಅವರೊಡನೆ ಡೇವಿಡ್ ಪಿಲ್‌ಬೀಮ್, ಆ ತುಣುಕಿನ ದವಡೆಯನ್ನು ಮನುಷ್ಯನ ದವಡೆಯಂತೆ ಬಾಗಿದ್ದೆಂದು ಪೂರ್ಣಗೊಳಿಸಿ, ಸುಮಾರು ನೂರನಲವತ್ತು ಲಕ್ಷ ವರ್ಷಗಳ ಹಿಂದಿನ ಈ ಪ್ರಾಣಿಯೇ ಮನುಷ್ಯವಂಶದ ಮೊದಲಿಗನೆಂದರು. ಪಠ್ಯಪುಸ್ತಕಗಳು ಒಪ್ಪಿದವು. ಮಾನವಕುಲದ ತೊಟ್ಟಿಲು ನಮ್ಮ ದೇಶದಲ್ಲೇ ತೂಗಿತೆಂದು ನಂಬಲು ನಮಗೂ ಹಿತವಾಗಿತ್ತು.

ಆದರೆ ಸಾಕ್ಷಿ ಹಿತವನ್ನು ನೋಡುವುದಿಲ್ಲ. ೧೯೬೭ರಲ್ಲಿ ವಿನ್ಸೆಂಟ್ ಸಾರಿಚ್, ಆ್ಯಲನ್ ವಿಲ್ಸನ್ ಎಂಬವರು ರಕ್ತದ ಪ್ರೋಟೀನುಗಳನ್ನು ಹೋಲಿಸಿ, ಮನುಷ್ಯನೂ ಚಿಂಪಾಂಜಿಯೂ ಬೇರೆಯಾದದ್ದು ಕೇವಲ ಐವತ್ತು ಲಕ್ಷ ವರ್ಷಗಳ ಹಿಂದೆ ಎಂದರು. ಹಾಗಿದ್ದರೆ ನೂರನಲವತ್ತು ಲಕ್ಷ ವರ್ಷಗಳ ಹಿಂದೆ ಮನುಷ್ಯವಂಶದವನು ಇರುವುದೆಂತು? ವಾದ ಬಹುಕಾಲ ನಡೆಯಿತು. ಕಡೆಗೆ ಪಾಕಿಸ್ತಾನದ ಪೋಟ್ವಾರ್ ಪ್ರಸ್ಥಭೂಮಿಯಲ್ಲಿ, ರಾಮಪಿಥೆಕಸ್ಸಿನ ಒಡಹುಟ್ಟಾದ ಶಿವಪಿಥೆಕಸ್ಸಿನ ಮುಖದ ಭಾಗವೇ ದೊರೆಯಿತು. ೧೯೮೨ರಲ್ಲಿ ಪ್ರಕಟವಾದ ಅದರ ವಿವರಣೆ ಹೇಳಿದ್ದೇನು? ಈ ಮುಖ ಮನುಷ್ಯನದನ್ನಲ್ಲ, ಬೋರ್ನಿಯೋ ಸುಮಾತ್ರಾಗಳ ಒರಾಂಗುಟಾನನ್ನು ಹೋಲುತ್ತದೆ! ರಾಮಪಿಥೆಕಸ್ ಎಂಬ ಪ್ರತ್ಯೇಕ ಕುಲವೇ ಇಲ್ಲವಾಗಿ ಶಿವಪಿಥೆಕಸ್ಸಿನಲ್ಲಿ ಸೇರಿಹೋಯಿತು. ಇದನ್ನು ಬರೆದವರು ಯಾರೆಂಬುದು ಇನ್ನೂ ಗಮನಾರ್ಹ: ಹಿಂದೆ ರಾಮಪಿಥೆಕಸ್ಸನ್ನು ಪೂರ್ವಜನ ಪೀಠದಲ್ಲಿ ಕೂರಿಸಿದ್ದ ಪಿಲ್‌ಬೀಮರೇ.

ವಂಶಾವಳಿಯನ್ನು ಹಿಗ್ಗಿಸುವ ಆಸೆ ಆಸ್ಥಾನಕವಿಗೂ ವಿಜ್ಞಾನಿಗೂ ಸಮಾನವೆಂದು ಇದರಿಂದ ತಿಳಿಯುತ್ತದೆ. ಭೇದವಿರುವುದು ಮುಂದಿನ ಹೆಜ್ಜೆಯಲ್ಲಿ. ತ್ರಿಲೋಚನನ ಕಥೆಯನ್ನು ಹೇಳಿದ ಶಾಸನಕವಿಯನ್ನು ತಡೆದು ಕೇಳುವವರಿರಲಿಲ್ಲ; ರಾಮಪಿಥೆಕಸ್ಸಿನ ಕಥೆಯನ್ನು ಹೇಳಿದವರೇ ಇನ್ನಷ್ಟು ಎಲುಬನ್ನು ಅಗೆದು ತೆಗೆದು ತಮ್ಮ ಮಾತನ್ನು ಹಿಂದೆಗೆದುಕೊಂಡರು. ಕಲ್ಲುಬರಹವೂ ಸಾಕ್ಷಿಯೇ, ದವಡೆಯ ಚೂರೂ ಸಾಕ್ಷಿಯೇ. ಸಾಕ್ಷಿ ಎಲ್ಲಿ ಮುಗಿದು ಆಸೆ ಎಲ್ಲಿ ಮೊದಲಾಯಿತೆಂದು ಗುರುತಿಸುವುದೇ ಓದುಗನ ಕೆಲಸ. ಸಾಹಿತ್ಯದ ವಿದ್ಯಾರ್ಥಿಗೆ ಇದು ಅಪರಿಚಿತವಾದ ಶಿಸ್ತೇನೂ ಅಲ್ಲ. ಪಾಠಾಂತರಗಳ ನಡುವೆ ನಾವು ಮಾಡುವುದೂ ಇದನ್ನೇ.

ಇನ್ನು ನಮ್ಮ ನಾಡಿನ ಮಾತು. ಸುಣ್ಣವುಳ್ಳ ನೆಲದಲ್ಲಿ ಕರ್ನಾಟಕವೂ ಎಲುಬನ್ನು ಕಾಪಾಡಿದೆ. ರಾಬರ್ಟ್ ಬ್ರೂಸ್ ಫೂಟ್, ೧೮೬೩ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಭಾರತದ ಮೊದಲ ಹಳೆಶಿಲಾಯುಗದ ಉಪಕರಣವನ್ನು ಗುರುತಿಸಿದ ಭೂವಿಜ್ಞಾನಿ, ಗೋಕಾಕದ ಬಳಿಯ ಹಳ್ಳವೊಂದರ ದಂಡೆಯಲ್ಲಿ ಘೇಂಡಾಮೃಗದ ಎಲುಬುಗಳನ್ನು ಕಂಡು ೧೮೭೪ರಲ್ಲಿ ವಿವರಿಸಿದ. ಇಂದು ಘೇಂಡಾಮೃಗವನ್ನು ನೋಡಲು ನಾವು ಅಸ್ಸಾಮಿಗೆ ಹೋಗಬೇಕು. ಅಂದು ಅದು ಘಟಪ್ರಭೆಯ ನೀರು ಕುಡಿಯುತ್ತಿತ್ತು! ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ದಶಕಗಳ ಕಾಲ ದುಡಿದರು. ಅಲ್ಲಿಯ ಇಸಾಂಪುರದಲ್ಲಿ ಆದಿಮಾನವರು ಸುಣ್ಣಗಲ್ಲಿನ ಚಪ್ಪಡಿಗಳನ್ನು ಕೆತ್ತಿ ಕೈಗೊಡಲಿ ಮಾಡುತ್ತಿದ್ದ ಕಾರ್ಯಾಗಾರವೇ ಹೊರಬಿದ್ದಿತು. ಜೊತೆಯಲ್ಲಿ ಸಿಕ್ಕ ದನದ ಜಾತಿಯ ಪ್ರಾಣಿಯ ಹಲ್ಲುಗಳನ್ನು ಪರೀಕ್ಷಿಸಿದಾಗ ಅವು ಸುಮಾರು ಹನ್ನೆರಡು ಲಕ್ಷ ವರ್ಷ ಹಳೆಯವೆಂದು ಕಂಡಿತು. ಹಲ್ಲು ದನದ್ದು, ಕೆತ್ತಿದವನ ಎಲುಬು ಅಲ್ಲಿಯೂ ಇಲ್ಲ. ನಮ್ಮ ದೇಶದಲ್ಲಿ ಅಂಥ ಪ್ರಾಚೀನ ಮಾನವನ ತಲೆಬುರುಡೆ ಸಿಕ್ಕಿದ್ದು ನರ್ಮದೆಯ ದಂಡೆಯ ಹತ್ನೋರಾದಲ್ಲಿ, ೧೯೮೨ರ ಡಿಸೆಂಬರಿನಲ್ಲಿ. ಕಂಡವರು ಅರುಣ್ ಸೊನಾಕಿಯಾ.

ಹಾಗಾದರೆ ಮಲೆನಾಡಿನ ಅಂಚು ಬರಿದೋ? ಅಲ್ಲ. ಶಿಕಾರಿಪುರಕ್ಕೆ ನೆರೆಯಾದ ನ್ಯಾಮತಿಯಲ್ಲಿ, ಕಡೂರು ಸೀಮೆಯ ಲಿಂಗದಹಳ್ಳಿಯಲ್ಲಿ ಫೂಟನೇ ಹಳೆಶಿಲಾಯುಗದ ಕಲ್ಲಿನ ಉಪಕರಣಗಳನ್ನು ಆರಿಸಿದ್ದ. ಎಲುಬು ಕರಗುವ ನೆಲದಲ್ಲೂ ಕೈಕೆಲಸ ಕರಗುವುದಿಲ್ಲ. ಎರಡು ಮಗ್ಗುಲೂ ಚಕ್ಕೆಯೆದ್ದ, ಒಂದು ತುದಿ ಚೂಪಾದ, ಅಂಗೈಗೆ ಒಗ್ಗುವ ಕಲ್ಲು ತಾನಾಗಿ ಹುಟ್ಟುವುದಿಲ್ಲ. ಅದರ ಹಿಂದೆ ಒಂದು ಕೈಯಿದೆ, ಕೈಯ ಹಿಂದೆ ಒಂದು ಯೋಚನೆಯಿದೆ. ಇಲ್ಲಿ ಯಾರಿದ್ದರೆಂಬ ಪ್ರಶ್ನೆಗೆ ನಮ್ಮ ಸೀಮೆ ಕೊಡಬಲ್ಲ ಉತ್ತರ ಈ ಬಗೆಯದು. ಅವರ ಮುಖ ಹೇಗಿತ್ತೆಂದು ಅದು ಹೇಳದು. ಇದ್ದರೆಂದು ಮಾತ್ರ ಖಂಡಿತವಾಗಿ ಹೇಳುತ್ತದೆ.

ಈ ಉತ್ತರ ಇಂದು ಅಪಾಯದಲ್ಲಿದೆ ಎಂಬುದನ್ನು ಅಧ್ಯಾಪಕ ಬಂಧುಗಳ ಗಮನಕ್ಕೆ ತರಬೇಕೆಂದೇ ಇಷ್ಟು ಬರೆದೆ. ಕೆರೆಯ ಹೂಳನ್ನು ಈಗ ಯಂತ್ರಗಳು ಎತ್ತುತ್ತವೆ. ಜಂಬಿಟ್ಟಿಗೆಯ ಗುಂಡಿಗಳು ದಿನದಿನಕ್ಕೆ ಅಗಲವಾಗುತ್ತಿವೆ. ಹಳ್ಳದ ಜಲ್ಲಿ ಲಾರಿಗಳಲ್ಲಿ ಸಾಗುತ್ತದೆ. ಹನ್ನೆರಡು ಲಕ್ಷ ವರ್ಷ ಉಳಿಯಬಲ್ಲ ಕಲ್ಲು ಒಂದು ಮಧ್ಯಾಹ್ನದಲ್ಲಿ ರಸ್ತೆಯ ಅಡಿಗೆ ಸೇರಬಹುದು. ಅಂಥದನ್ನು ಕಂಡರೆ ಎತ್ತಿ ಮನೆಗೆ ಒಯ್ಯಬಾರದು. ಪದರದಿಂದ ಕಿತ್ತ ಉಪಕರಣ, ಕಟ್ಟಿನಿಂದ ಕಿತ್ತ ಓಲೆಗರಿಯಂತೆ, ಅರ್ಧ ಮೂಕವಾಗುತ್ತದೆ. ಸಿಕ್ಕ ಜಾಗ, ಆಳ, ಮಣ್ಣಿನ ಬಣ್ಣಗಳನ್ನು ಗುರುತು ಹಾಕಿಕೊಂಡು ಪುರಾತತ್ತ್ವ ಇಲಾಖೆಗೆ ತಿಳಿಸಿದರೆ ಸಾಕು. ತಾಳಗುಂದದಲ್ಲೇ ೨೦೧೩ರ ಉತ್ಖನನದಲ್ಲಿ ಸಿಂಹಕಟಾಂಜನದ ಶಾಸನ ಹೊರಬಂದು, ಅದು ಹಲ್ಮಿಡಿಗಿಂತ ಹಳೆಯದೆಂಬ ಅಭಿಪ್ರಾಯ ಹುಟ್ಟಿ, ಕನ್ನಡದ ವಂಶಾವಳಿಯೇ ಮತ್ತೆ ಚರ್ಚೆಗೆ ಬಂದುದನ್ನು ನಾವು ಬಲ್ಲೆವು. ಕುಬ್ಜ ತನ್ನ ಕಾವ್ಯವನ್ನು ಬರೆದದ್ದೂ ಕಾಕುತ್ಸ್ಥವರ್ಮ ಅಲ್ಲಿ ತೋಡಿಸಿದ ಕೆರೆಯ ನೆಪದಿಂದ. ಶಿಕಾರಿಪುರ, ಸೊರಬಗಳ ನೂರಾರು ಕೆರೆಗಳಲ್ಲಿ ಮುಂದಿನ ಬೇಸಗೆ ಹೂಳೆತ್ತುವಾಗ ಪ್ರತಿಯೊಂದರ ದಂಡೆಯ ಮೇಲೂ ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬನಾದರೂ, ಒಬ್ಬಳಾದರೂ, ಕಣ್ಣು ತೆರೆದು ನಿಂತಿರಲಿ.