ಸಾಂತ್ವನದ ನಾಲ್ಕು ಮಾತು

ಊರಿನಿಂದ ನಡುರಾತ್ರಿ ಫೋನ್ ಬಂದರೆ ಎದೆ ಧಸಕ್ಕೆನ್ನುವುದು ಇಲ್ಲಿ ನೆಲೆಸಿರುವ ನಮಗೆಲ್ಲ ಗೊತ್ತಿರುವ ಅನುಭವ. ಮರುದಿನ ಸಂಜೆಯೊಳಗೆ ಆ ಮನೆಯಲ್ಲಿ ಕನ್ನಡದವರೆಲ್ಲ ಸೇರುತ್ತೇವೆ. ಯಾರೋ ಅನ್ನ ಸಾರು ಮಾಡಿ ತಂದಿರುತ್ತಾರೆ, ಯಾರೋ ವಿಮಾನದ ಟಿಕೆಟ್ ಹುಡುಕುತ್ತಿರುತ್ತಾರೆ. ಕಷ್ಟವಾಗುವುದು ಮಾತಿಗೆ. ಕ್ರೈಸ್ತ ಮನೆತನದಿಂದ ಬಂದ ನಾವಿಬ್ಬರು ಈ ವಿಷಯದಲ್ಲಿ ಹಿರಿಯರಿಂದ ಕಲಿತದ್ದನ್ನೂ, ತಪ್ಪು ಮಾಡಿ ಕಲಿತದ್ದನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ತಪ್ಪನ್ನೇ ಮೊದಲು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಮ್ಮ ಸ್ನೇಹಿತರ ಎಳೆಯ ಮಗು ತೀರಿಕೊಂಡಿತು. ನಾವು ಹೋಗಿ, ‘ಎಲ್ಲ ದೇವರ ಚಿತ್ತ’ ಎಂದೆವು. ಆ ತಾಯಿ ನಮ್ಮ ಮುಖವನ್ನೇ ನೋಡಿ, ‘ಹಾಗಿದ್ದರೆ ಅಂಥ ದೇವರ ಹತ್ತಿರ ನನಗೇನೂ ಮಾತಿಲ್ಲ’ ಎಂದು ಎದ್ದು ಒಳಗೆ ಹೋದರು. ಬೈಬಲ್ಲಿನ ಯೋಬನ ಗ್ರಂಥ ಓದಿದ್ದ ನಾವು ಹಾಗೆ ಆಡಬಾರದಿತ್ತು.

ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನನ್ನು ನೋಡಲು ಮೂವರು ಗೆಳೆಯರು ಬರುತ್ತಾರೆ. ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಕೂರುತ್ತಾರೆ, ಒಬ್ಬರೂ ತುಟಿ ಬಿಚ್ಚುವುದಿಲ್ಲ. ಅಲ್ಲಿಯವರೆಗೆ ಸರಿ. ಯೋಬ ಸಂಕಟ ತಾಳದೆ ಬಾಯಿಬಿಟ್ಟಾಗ ಇವರು ಕಾರಣ ವಿವರಿಸಲು ತೊಡಗುತ್ತಾರೆ: ನೀನೇ ಏನೋ ಪಾಪ ಮಾಡಿರಬೇಕು ಎಂದು. ಕೊನೆಗೆ ದೇವರು ಯೋಬನಿಗೂ ಕಠಿಣ ಪ್ರಶ್ನೆ ಕೇಳುತ್ತಾನೆ ನಿಜ. ಆದರೆ ಕೋಪಗೊಳ್ಳುವುದು ತನ್ನ ಪರವಾಗಿ ವಾದಿಸಿದ ಆ ಗೆಳೆಯರ ಮೇಲೆ!

ಯೋಹಾನನ ಸುವಾರ್ತೆಯಲ್ಲಿ ಇನ್ನೊಂದು ಪ್ರಸಂಗವಿದೆ. ಲಾಜರ ಸತ್ತು ನಾಲ್ಕು ದಿನವಾದ ಮೇಲೆ ಯೇಸು ಬರುತ್ತಾನೆ. ಅಕ್ಕತಂಗಿಯರಾದ ಮಾರ್ಥ, ಮರಿಯ ಬೇರೆ ಬೇರೆಯಾಗಿ ಬಂದು ಒಂದೇ ಆಕ್ಷೇಪ ಹೇಳುತ್ತಾರೆ: ನೀನು ಇಲ್ಲಿದ್ದಿದ್ದರೆ ತಮ್ಮಣ್ಣ ಸಾಯುತ್ತಿರಲಿಲ್ಲ ಎಂದು. ಮಾರ್ಥಳೊಡನೆ ಅವನು ಪುನರುತ್ಥಾನದ ಮಾತಾಡುತ್ತಾನೆ. ಮರಿಯಳ ಮುಂದೆ ಅತ್ತುಬಿಡುತ್ತಾನೆ. ಒಬ್ಬರಿಗೆ ಬೇಕಾದದ್ದು ಇನ್ನೊಬ್ಬರಿಗೆ ಬೇಕಿಲ್ಲ. ಸ್ವಲ್ಪ ಹೊತ್ತಿನಲ್ಲೇ ಲಾಜರನನ್ನು ಎಬ್ಬಿಸಲಿರುವವನು ಮೊದಲು ಅತ್ತ ಎಂಬುದನ್ನು ನಾವು ಮರೆಯುವುದಿಲ್ಲ.

ಹಾಗೆಂದು ಮಾತು ಬೇಡವೇ ಬೇಡ ಎನ್ನಲಾಗದು. ಸ್ವಂತ ಮಾತು ಬಾರದಾಗ ಕ್ರೈಸ್ತರು ಹಿಡಿದುಕೊಳ್ಳುವುದು ಕೀರ್ತನೆಗಳನ್ನು. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಗೋಳು, ದೂರು. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಮಾತೂ ಅದರ ಕೊನೆಯಲ್ಲಿಲ್ಲ. ದೇವರೊಡನೆ ಜಗಳವಾಡುವುದೂ ಪ್ರಾರ್ಥನೆಯೇ. ದಾಸರ ನಿಂದಾಸ್ತುತಿ ಕೇಳಿ ಬೆಳೆದ ಕನ್ನಡಿಗರಿಗೆ ಇದು ಹೊಸದೇನಲ್ಲ. ಶವಸಂಸ್ಕಾರಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಕುರುಬನ ಚಿತ್ರವಿರುವ 23ನೆಯ ಕೀರ್ತನೆ. ಆರೇ ವಚನ. ಅದರಲ್ಲಿ ಒಂದು ಸೂಕ್ಷ್ಮವಿದೆ. ಹಸಿರು ಹುಲ್ಲು, ತಣ್ಣೀರು ಇರುವಲ್ಲಿ ದೇವರನ್ನು ‘ಆತನು’ ಎನ್ನುವ ಕವಿ, ಕಾರ್ಗತ್ತಲ ಕಣಿವೆಗೆ ಬಂದೊಡನೆ ‘ನೀನು’ ಎನ್ನುತ್ತಾನೆ.

ನಾವಿರುವ ಇದೇ ಇಂಗ್ಲೆಂಡಿನಲ್ಲಿ ನಡೆದ ಘಟನೆಯೊಂದು ನೆನಪಾಗುತ್ತದೆ. ಸಿಸಿಲಿ ಸಾಂಡರ್ಸ್ ಆಗ ಲಂಡನ್ನಿನ ಆಸ್ಪತ್ರೆಯಲ್ಲಿ ಸಮಾಜಸೇವಾ ಕಾರ್ಯಕರ್ತೆ. ಕ್ಯಾನ್ಸರಿನಿಂದ ಸಾಯುತ್ತಿದ್ದ ಡೇವಿಡ್ ಟಾಸ್ಮಾ ಎಂಬ ಪೋಲೆಂಡಿನ ಯಹೂದಿ, ಏನಾದರೂ ಸಮಾಧಾನ ಹೇಳಿ ಎಂದು ಅವರನ್ನು ಕೇಳಿದ. ಆಕೆ 23ನೆಯ ಕೀರ್ತನೆಯನ್ನು ಬಾಯಿಪಾಠವಾಗಿ ಹೇಳಿದರು. ಅದು ಯಹೂದಿಗಳದೂ ಹೌದಲ್ಲವೇ! ಇನ್ನೂ ಹೇಳಿ ಎಂದ. ಪುಸ್ತಕ ತಂದು ಓದಲೇ ಎಂದರೆ ಬೇಡವೆಂದ. ಅವನಿಗೆ ಬೇಕಾಗಿದ್ದುದು ಆಕೆಯ ಮನಸ್ಸಿನಲ್ಲಿ, ಹೃದಯದಲ್ಲಿ ಇದ್ದದ್ದು ಮಾತ್ರ. 1948ರಲ್ಲಿ ಅವನು ತೀರಿಕೊಂಡಾಗ 500 ಪೌಂಡು ಆಕೆಗೆ ಬಿಟ್ಟುಹೋಗಿದ್ದ. ಮುಂದೆ ವೈದ್ಯೆಯಾದ ಸಾಂಡರ್ಸ್ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಮರಣಾಸನ್ನರ ಆರೈಕೆಗೆ ಅದು ಜಗತ್ತಿಗೇ ಮಾದರಿಯಾಯಿತು.

ಈಗ ನಾವು ಯಾರ ಮನೆಗೆ ಹೋದರೂ ಕಾರಣ ಹೇಳಲು ಹೋಗುವುದಿಲ್ಲ. ತೀರಿಕೊಂಡವರ ಹೆಸರು ಹಿಡಿದು ಮಾತಾಡುತ್ತೇವೆ. ಪ್ರಾರ್ಥಿಸಬಹುದೇ ಎಂದು ಮೊದಲು ಕೇಳುತ್ತೇವೆ, ಬೇಡವೆಂದರೆ ಸುಮ್ಮನೆ ಕೂರುತ್ತೇವೆ. ಊರಿನಲ್ಲಿ ಕಾರ್ಯ ಮುಗಿಸಿ ಅವರು ಹಿಂದಿರುಗಿದ ಮೇಲೆ, ಎಲ್ಲರ ಫೋನೂ ನಿಂತುಹೋದ ಹೊತ್ತಿನಲ್ಲಿ, ಒಮ್ಮೆ ಹೋಗಿಬರುತ್ತೇವೆ.

ಆ ತಾಯಿಯ ಮನೆಗೂ ಒಂದು ವರ್ಷದ ಮೇಲೆ ಹೋದೆವು, ಕ್ಷಮೆ ಕೇಳಿದೆವು. ಅವರು ಒಂದೂ ಮಾತಾಡದೆ ಒಳಗಿನಿಂದ ಮಗುವಿನ ಫೋಟೋ ಆಲ್ಬಂ ತಂದು ನಮ್ಮ ಮಡಿಲಲ್ಲಿಟ್ಟರು. ರಾತ್ರಿ ಹನ್ನೊಂದರವರೆಗೂ ನೋಡುತ್ತ ಕುಳಿತಿದ್ದೆವು.