ಕಥೆ ಬರೆಯುವುದಕ್ಕೂ ಒಂದು ಎಂ.ಎ.

1970ರಲ್ಲಿ ಇಂಗ್ಲೆಂಡಿನ ನಾರಿಚ್ ನಗರದ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ ಹೊಸ ಬಗೆಯ ಎಂ.ಎ. ಒಂದನ್ನು ಶುರು ಮಾಡಿತು. ಓದು, ವಿಮರ್ಶೆಗಳ ಜೊತೆಗೆ ವಿದ್ಯಾರ್ಥಿ ತಾನೇ ಬರೆದ ಕಥೆಗಳನ್ನೂ ಪದವಿಗಾಗಿ ಒಪ್ಪಿಸಬಹುದಿತ್ತು. ಬ್ರಿಟನ್ನಿನಲ್ಲಿ ಅಂಥ ಕೋರ್ಸು ಅದೇ ಮೊದಲು. ಕಥೆ ಬರೆಯುತ್ತೇನೆಂದು ಆ ವರ್ಷ ಸೇರಿದ್ದು ಒಬ್ಬರೇ: ಇಯಾನ್ ಮೆಕ್‌ಇವಾನ್. 1975ರಲ್ಲಿ ಅವರ ಮೊದಲ ಕಥಾಸಂಕಲನ ಬಂತು, 1998ರಲ್ಲಿ ಬೂಕರ್ ಪ್ರಶಸ್ತಿಯೂ ಬಂತು.

ಕೋರ್ಸನ್ನು ಕಟ್ಟಿದವರು ಕಾದಂಬರಿಕಾರರಾದ ಆಂಗಸ್ ವಿಲ್ಸನ್ ಮತ್ತು ಮಾಲ್ಕಂ ಬ್ರಾಡ್‌ಬರಿ. ಬ್ರಾಡ್‌ಬರಿಗೂ ಕನ್ನಡಕ್ಕೂ ಒಂದು ನಂಟಿದೆ. ನಾರಿಚ್‌ಗೆ ಬರುವ ಮುಂಚೆ ಅವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಪಾಠ ಮಾಡುತ್ತಿದ್ದರು, ಅಲ್ಲಿ ಪಿಎಚ್‌.ಡಿ. ಮಾಡಲು ಹೋಗಿದ್ದ ಯು.ಆರ್. ಅನಂತಮೂರ್ತಿಯವರಿಗೆ ಗುರುಗಳಾಗಿದ್ದರು. ಗುರುಶಿಷ್ಯರಿಬ್ಬರೂ ನಿರ್ದೇಶಕ ಬರ್ಗ್‌ಮನ್‌ನ ಮಧ್ಯಯುಗದ ಕಥೆಯಿರುವ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದ್ದು, ಆಮೇಲೆ ನಡೆದ ಮಾತುಕತೆ, ಅದರಿಂದ ‘ಸಂಸ್ಕಾರ’ ಹುಟ್ಟಿದ್ದು – ಇವನ್ನೆಲ್ಲ ಅನಂತಮೂರ್ತಿಯವರೇ ಹಲವು ಸಲ ಹೇಳಿಕೊಂಡಿದ್ದಾರೆ. ಯುರೋಪಿನವರು ಮಧ್ಯಯುಗವನ್ನು ಕಲ್ಪಿಸಿಕೊಳ್ಳಬೇಕು, ನಮ್ಮಲ್ಲಾದರೋ ಎಲ್ಲ ಕಾಲಗಳೂ ಒಟ್ಟಿಗೇ ಬದುಕಿವೆ ಎಂಬುದು ಆ ಮಾತಿನ ತಿರುಳು. ಹಾಗಾದರೆ ಅದನ್ನೇ ಬರೆ ಎಂದರು ಗುರುಗಳು. ಕಾದಂಬರಿ 1965ರಲ್ಲಿ ಪ್ರಕಟವಾಯಿತು. ಅದು ಸಿನಿಮಾ ಆಗಿ ತೆರೆಗೆ ಬಂದದ್ದು, ನಾರಿಚ್‌ನ ತರಗತಿ ಶುರುವಾದ 1970ರಲ್ಲೇ.

ಬರೆಯುವುದನ್ನು ಕಲಿಸಲು ಸಾಧ್ಯವೇ ಎಂಬ ಹಳೆಯ ಪ್ರಶ್ನೆಗೆ ಈ ಪ್ರಸಂಗದಲ್ಲೇ ಅರ್ಧ ಉತ್ತರವಿದೆ. ಪ್ರತಿಭೆಯನ್ನು ಯಾರೂ ಕಲಿಸಲಾರರು. ಆದರೆ ಬರೆಯುವವನ ಮಾತನ್ನು ಗಂಭೀರವಾಗಿ ಕೇಳಿಸಿಕೊಂಡು, ನಿನ್ನ ವಸ್ತು ಇಲ್ಲಿದೆ ನೋಡು ಎಂದು ತೋರಿಸುವವರು ಸರಿಯಾದ ಹೊತ್ತಿಗೆ ಸಿಕ್ಕರೆ ಬರವಣಿಗೆಯ ದಿಕ್ಕೇ ಬದಲಾಗುತ್ತದೆ.

ತರಗತಿ ನಡೆಯುವ ಬಗೆ ಸರಳ. ವಿದ್ಯಾರ್ಥಿ ತನ್ನ ಕಥೆಯನ್ನೋ ಕಾದಂಬರಿಯ ಅಧ್ಯಾಯವನ್ನೋ ಮೊದಲೇ ಎಲ್ಲರಿಗೂ ಹಂಚುತ್ತಾನೆ. ಉಳಿದವರು ಓದಿ, ಅಂಚಿನಲ್ಲಿ ಗುರುತು ಹಾಕಿಕೊಂಡು ಬರುತ್ತಾರೆ. ಆಮೇಲೆ ಮೇಜಿನ ಸುತ್ತ ಕೂತು ಚರ್ಚೆ: ಈ ಪಾತ್ರ ಇಲ್ಲಿ ಸುಮ್ಮನಾದದ್ದು ಏಕೆ, ಮೂರನೇ ಪುಟದ ವಿವರಣೆ ಬೇಕಿತ್ತೇ, ಕಥೆ ನಿಜವಾಗಿ ಶುರುವಾಗುವುದು ಎಲ್ಲಿಂದ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಿಂದ ನಡೆದು ಬಂದಿರುವ ರೈಟರ್ಸ್ ವರ್ಕ್‌ಶಾಪ್ ಈ ಪದ್ಧತಿಯನ್ನು ಜಗತ್ತಿಗೆಲ್ಲ ಹಬ್ಬಿಸಿತು. ಚರ್ಚೆ ಮುಗಿಯುವವರೆಗೆ ಬರೆದವರು ಬಾಯಿ ತೆರೆಯಬಾರದು ಎಂಬುದು ಅದರ ರೂಢಿ. ಈ ಮೌನ ಎಲ್ಲರಿಗೂ ಒಗ್ಗುವುದಿಲ್ಲ. ಓದುವವರೆಲ್ಲ ಒಂದೇ ವರ್ಗದವರಾದಾಗ ಬೇರೆ ಬದುಕಿನಿಂದ ಬಂದವರ ಕಥೆ ಅಲ್ಲಿ ಪರಕೀಯವಾಗುತ್ತದೆ ಎಂಬ ಟೀಕೆ ನ್ಯಾಯವಾದದ್ದೇ. ಷಿಕಾಗೋದ ಮೆಕ್ಸಿಕನ್ ಕುಟುಂಬದ ಸಾಂಡ್ರಾ ಸಿಸ್ನೆರೋಸ್ ಅಯೋವಾದಲ್ಲಿ ಮನೆಯ ಕಲ್ಪನೆಯ ಬಗ್ಗೆ ಚರ್ಚೆ ನಡೆದಾಗ, ಇವರು ಹೇಳುವ ಮನೆಯಂಥದ್ದು ತನಗೆ ಇರಲೇ ಇಲ್ಲವಲ್ಲ ಎಂದು ಕಂಡುಕೊಂಡರು. ಆ ಅರಿವಿನಿಂದಲೇ 1984ರ ‘ದಿ ಹೌಸ್ ಆನ್ ಮ್ಯಾಂಗೋ ಸ್ಟ್ರೀಟ್’ ಬಂತು.

ಕಜುವೊ ಇಶಿಗುರೊ ಅವರ ಅನುಭವವೇ ಬೇರೆ. 1979ರಲ್ಲಿ ನಾರಿಚ್‌ನ ಕೋರ್ಸಿಗೆ ಸೇರಿದಾಗ ಅವರಿಗೆ 24 ವರ್ಷ. ಬಕ್ಸ್‌ಟನ್ ಎಂಬ ಹಳ್ಳಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರು. ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಬಸ್ಸುಗಳೇ ಅಪರೂಪ, ತರಗತಿಯೂ ವಾರಕ್ಕೆ ಹೆಚ್ಚೇನೂ ಇರಲಿಲ್ಲ. ಉಳಿದ ಹೊತ್ತೆಲ್ಲ ಆ ಕೋಣೆ, ಆ ಮೇಜು. ಐದು ವರ್ಷದವರಿದ್ದಾಗ ಬಿಟ್ಟುಬಂದ ನಾಗಾಸಾಕಿಯ ಬಗ್ಗೆ ಅವರು ಬರೆಯತೊಡಗಿದ್ದು ಅಲ್ಲೇ. ಸಹಪಾಠಿಗಳು ಮೆಚ್ಚಿದ್ದರಿಂದ ಧೈರ್ಯ ಬಂತು. ಅದು 1982ರಲ್ಲಿ ಮೊದಲ ಕಾದಂಬರಿಯಾಯಿತು. 2017ರಲ್ಲಿ ನೊಬೆಲ್ ಭಾಷಣದಲ್ಲೂ ಅವರು ಆ ಕೋಣೆಯನ್ನು ನೆನೆದರು.

ಹಾಗೆಂದು ಪದವಿ ಪಡೆದವರೆಲ್ಲ ಪುಸ್ತಕದಿಂದಲೇ ಹೊಟ್ಟೆ ಹೊರೆಯುತ್ತಾರೆ ಎಂದುಕೊಂಡರೆ ತಪ್ಪು. ಬ್ರಿಟನ್ನಿನಲ್ಲಿ 2022ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ಬರವಣಿಗೆಯನ್ನೇ ಮುಖ್ಯ ಕಸುಬಾಗಿಸಿಕೊಂಡವರ ಮಧ್ಯಮಟ್ಟದ ವಾರ್ಷಿಕ ಗಳಿಕೆ 7,000 ಪೌಂಡು. 2006ರಲ್ಲಿ ಅದು 12,330 ಪೌಂಡು ಇತ್ತು. ಅಲ್ಲಿನ ಬಾಡಿಗೆ, ಖರ್ಚಿಗೆ ಇದು ಏನೇನೂ ಸಾಲದು. ಆದ್ದರಿಂದ ಹೆಚ್ಚಿನವರು ಇನ್ನೊಂದು ಕೆಲಸವನ್ನು ಹಿಡಿದೇ ಬರೆಯುತ್ತಾರೆ. ಅಮೆರಿಕದಲ್ಲಿ ಎಂ.ಎಫ್‌.ಎ. (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಪದವಿ ಕಾಲೇಜಿನಲ್ಲಿ ಬರವಣಿಗೆ ಕಲಿಸಲು ಅರ್ಹತೆ. ಎಷ್ಟೋ ವಿಶ್ವವಿದ್ಯಾಲಯಗಳು ವಿದ್ಯಾರ್ಥಿಗಳಿಂದಲೇ ಪಾಠ ಮಾಡಿಸಿ, ಶುಲ್ಕ ಬಿಟ್ಟು, ಭತ್ಯೆ ಕೊಡುತ್ತವೆ. ಪ್ರಕಾಶನ ಸಂಸ್ಥೆಯ ಸಂಪಾದಕರು, ಜಾಹೀರಾತು ಬರೆಯುವವರು, ಚಿತ್ರಕಥೆಗಾರರು ಈ ತರಗತಿಗಳಿಂದ ಬಂದಿದ್ದಾರೆ. ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿ ರೂಪಿಸಿದ ಡೇವಿಡ್ ಬೆನಿಯಾಫ್, ಡಿ.ಬಿ. ವೈಸ್ ಇಬ್ಬರೂ ಎಂ.ಎಫ್‌.ಎ. ಮಾಡಿದವರು. ನಾರಿಚ್‌ನಲ್ಲಿ ಓದಿದ ನವೋಮಿ ಆಲ್ಡರ್‌ಮನ್ ಕಾದಂಬರಿಗಳ ಜೊತೆಗೆ ‘ಝೋಂಬೀಸ್, ರನ್!’ ಎಂಬ ಫೋನ್ ಆಟಕ್ಕೂ ಕಥೆ ಬರೆದರು: ಓಡುವವರ ಕಿವಿಯಲ್ಲಿ ಕಥೆ ನಡೆಯುತ್ತದೆ, ಹಿಂದಿನಿಂದ ಪ್ರೇತಗಳು ಅಟ್ಟಿಸಿಕೊಂಡು ಬರುತ್ತವೆ. ಇವರೆಲ್ಲರ ಕೈಹಿಡಿದದ್ದು ಬೇರೆಯವರ ಹಸ್ತಪ್ರತಿಯನ್ನು ಬಿಚ್ಚಿ ನೋಡಿ, ಎಲ್ಲಿ ಸಡಿಲವಾಗಿದೆ ಎಂದು ಗುರುತಿಸುವ ಅಭ್ಯಾಸ.

ಕನ್ನಡದಲ್ಲೇ ಬರೆಯುವವರಿಗೆ ಇಂಗ್ಲಿಷಿನ ಈ ಪದವಿಗಿಂತ ಲೇಖಕರ ವಸತಿ ಕಾರ್ಯಕ್ರಮಗಳೇ ಹತ್ತಿರ. ವಿವೇಕ ಶಾನಭಾಗ 2016ರಲ್ಲಿ ಅಯೋವಾದ ಇಂಟರ್‌ನ್ಯಾಷನಲ್ ರೈಟಿಂಗ್ ಪ್ರೋಗ್ರಾಂನಲ್ಲಿದ್ದರು; ಅಲ್ಲಿ ಪರೀಕ್ಷೆಯಿಲ್ಲ, ಪದವಿಯಿಲ್ಲ. ಇಂಗ್ಲಿಷಿನಲ್ಲಿ ಬರೆಯುವ ಭಾರತೀಯರು ನಾರಿಚ್‌ಗೆ ಹೋಗುವುದುಂಟು. ಅವರಲ್ಲೊಬ್ಬರಾದ ಕೇರಳ ಮೂಲದ ದೀಪಾ ಅನಪ್ಪಾರ ಮುಂಬಯಿ, ದಿಲ್ಲಿಗಳಲ್ಲಿ ಪತ್ರಕರ್ತೆಯಾಗಿದ್ದು, ಬಡ ಮಕ್ಕಳ ಬದುಕನ್ನು ವರದಿ ಮಾಡಿದವರು. ಅವರು ಆ ಮಕ್ಕಳ ನಡುವೆ ಕೇಳಿದ್ದನ್ನು ಒಂಬತ್ತು ವರ್ಷದ ಹುಡುಗನ ದನಿಯಲ್ಲಿ ಬರೆದ ‘ಜಿನ್ ಪ್ಯಾಟ್ರೋಲ್ ಆನ್ ದಿ ಪರ್ಪಲ್ ಲೈನ್’ 2020ರಲ್ಲಿ ಪ್ರಕಟವಾಗಿ, ಮರುವರ್ಷ ಎಡ್ಗರ್ ಪ್ರಶಸ್ತಿ ಪಡೆಯಿತು.