ಶ್ರುತಿ ತಿದ್ದುವ ಯಂತ್ರಕ್ಕೆ ಗಮಕ ಗೊತ್ತಿಲ್ಲ

ಸ್ಟುಡಿಯೋದ ಮೈಕಿನ ಮುಂದೆ ಹಾಡಿದ್ದು ಕಂಪ್ಯೂಟರಿಗೆ ಹೋದ ಮೇಲೆ ಬರೀ ಅಂಕಿಗಳ ಸಾಲು. ಸಿ.ಡಿ. ಗುಣಮಟ್ಟವಾದರೆ ಸೆಕೆಂಡಿಗೆ 44,100 ಅಂಕಿಗಳು. ದನಿ ಏರಿಸುವುದೆಂದರೆ ಅವನ್ನು ಗುಣಿಸುವುದು, ಎರಡು ಟ್ರ್ಯಾಕ್ ಬೆರೆಸುವುದೆಂದರೆ ಕೂಡುವುದು. ಇವು ಸುಲಭ. ಅಪಶ್ರುತಿಯಾದ ಒಂದು ಸ್ವರವನ್ನು ಸರಿಯಾದ ಸ್ಥಾನಕ್ಕೆ ಕೂರಿಸುವುದು ಹಾಗಲ್ಲ.

ಅದನ್ನು ಸಲೀಸು ಮಾಡಿದವರು ಅಮೆರಿಕದ ಆಂಡಿ ಹಿಲ್ಡೆಬ್ರಾಂಡ್. ತೈಲ ಹುಡುಕಲು ಭೂಮಿಯೊಳಕ್ಕೆ ಕಳಿಸಿದ ಕಂಪನಗಳ ಮಾರ್ದನಿಯನ್ನು ವಿಶ್ಲೇಷಿಸುತ್ತಿದ್ದ ಎಂಜಿನಿಯರ್. ಅಲ್ಲಿ ಪಳಗಿದ ಗಣಿತವನ್ನೇ ದನಿಗೆ ಹಚ್ಚಿ 1997ರಲ್ಲಿ ‘ಆಟೋ-ಟ್ಯೂನ್’ ತಂದರು. ಅಲೆಯ ಒಂದು ನಕಲನ್ನು ಅದರ ಮೇಲೆಯೇ ಸ್ವಲ್ಪಸ್ವಲ್ಪ ಸರಿಸುತ್ತ ಹೋಗಿ, ಎಲ್ಲಿ ಎರಡೂ ಚೆನ್ನಾಗಿ ಹೊಂದುತ್ತವೋ ಆ ಅಂತರವನ್ನು ಅಳೆಯುವುದು ಇದರ ಮರ್ಮ. 440 ಹರ್ಟ್ಸ್ ಸ್ವರದಲ್ಲಿ ಸುಮಾರು 100 ಅಂಕಿಗಳಿಗೊಮ್ಮೆ ಅಲೆ ಮರುಕಳಿಸುತ್ತದೆ. ಶ್ರುತಿ ತಿಳಿದ ಮೇಲೆ ಆವರ್ತವನ್ನು ಹಿಗ್ಗಿಸಿಯೋ ಕುಗ್ಗಿಸಿಯೋ ತಿದ್ದಬಹುದು. ತಿದ್ದುವ ವೇಗವನ್ನು ಅತಿಯಾಗಿಸಿದರೆ ಸ್ವರಗಳು ಜಾರದೆ ಜಿಗಿಯುತ್ತವೆ. ಗಾಯಕಿ ಶೆರ್ ಅವರ 1998ರ ‘ಬಿಲೀವ್’ ಹಾಡಿನ ಯಾಂತ್ರಿಕ ದನಿ ಹುಟ್ಟಿದ್ದು ಹೀಗೆ.

ನಮ್ಮ ಸಂಗೀತಕ್ಕೆ ಇದು ಬಂದಾಗ ತೊಡಕು ಶುರು. ಸಾಮಾನ್ಯವಾಗಿ ಈ ತಂತ್ರಾಂಶ ಹಿಡಿಯುವ ಅಳತೆಗೋಲು ಪಿಯಾನೋದ್ದು: ಸ್ಥಾಯಿಯ 1,200 ಸೆಂಟ್‌ಗಳನ್ನು ಸಮನಾಗಿ ಹಂಚಿದ 12 ಮನೆಗಳು. ಅಂತರ ಗಾಂಧಾರಕ್ಕೆ ಅಲ್ಲಿ ಸಿಗುವುದು 400. ಆದರೆ ತಂಬೂರಿಯ ಷಡ್ಜದ ತಂತಿಯಿಂದಲೇ, ಅದರ ಐದನೇ ಅಂಶಸ್ವರವಾಗಿ, ತೇಲಿಬರುವ ಗಾಂಧಾರ 386ರ ಹತ್ತಿರ. ತಂಬೂರಿಗೆ ಕಿವಿಗೊಟ್ಟು ಗಾಯಕಿ ನಿಲ್ಲಿಸಿದ ಸ್ವರವನ್ನು ಯಂತ್ರ 14 ಸೆಂಟ್ ಮೇಲಕ್ಕೆ ತಳ್ಳಿ ತಂಬೂರಿಯೊಂದಿಗೇ ಜಗಳಕ್ಕೆ ನಿಲ್ಲಿಸುತ್ತದೆ. ತೋಡಿ ರಾಗದ ಗಾಂಧಾರದ ಗತಿ ಇನ್ನೂ ಕಷ್ಟ. ಅದು ಒಂದೆಡೆ ನಿಲ್ಲುವ ಸ್ವರವೇ ಅಲ್ಲ, ಗಮಕವೆನ್ನುವ ಆ ತೂಗಾಟವೇ ಅದರ ಜೀವ. ಯಂತ್ರಕ್ಕೆ ಆ ತೂಗಾಟ ದೋಷವಾಗಿ ಕಾಣುತ್ತದೆ. ಕತ್ತರಿಸಿ ಮೆಟ್ಟಿಲು ಮಾಡಿಬಿಡುತ್ತದೆ. ಮೆಟ್ಟಿಲಾದ ತೋಡಿ ನನ್ನ ಕಿವಿಗೆ ತೋಡಿಯಲ್ಲ.

ಉಪಕರಣ ಕೆಟ್ಟದ್ದಲ್ಲ. ಇದೇ ತಂತ್ರಾಂಶದಲ್ಲಿ ಶ್ರುತಿಯ ಗೆರೆಯನ್ನು ಪರದೆಯ ಮೇಲೆ ಬಿಡಿಸಿಟ್ಟು, ತಪ್ಪಿದ ತುಣುಕನ್ನಷ್ಟೇ ಕೈಯಿಂದ ಸರಿಸುವ ಅವಕಾಶವೂ ಇದೆ. ರೆಕಾರ್ಡಿಂಗ್ ಮಾಡುವ ಗೆಳೆಯರೇ, ಗಮಕವಿರುವ ಸಾಲಿಗೆ ಸ್ವಯಂಚಾಲಿತ ತಿದ್ದುಪಡಿ ಹಾಕಬೇಡಿ. ಸ್ವರ ನಿಜಕ್ಕೂ ಜಾರಿದ್ದರೆ ಆ ಸಾಲನ್ನು ಇನ್ನೊಮ್ಮೆ ಹಾಡಿಸಿ.